ದಿನಕ್ಕೊಂದು ಪೆಗ್ ಮತ್ತು ಹೃದಯ: ಒಂದು ನಂಬಿಕೆ ಬೆಳೆದ ಬಗೆ



"ದಿನಾ ಒಂದೇ ಒಂದು ಪೆಗ್ ಹಾಕಿದರೆ ಹಾರ್ಟಿಗೆ ಒಳ್ಳೇದಂತೆ." ಈ ಮಾತನ್ನು ಓದು ಬಲ್ಲವರೂ ಆಡುತ್ತಾರೆ. ಇದು ಹುಟ್ಟಿದ್ದು ಹೆಂಡದಂಗಡಿಯಲ್ಲಲ್ಲ, ವಿಜ್ಞಾನಿಗಳ ಲೆಕ್ಕದ ಪುಸ್ತಕದಲ್ಲಿ.

ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೇಮಂಡ್ ಪರ್ಲ್ 1926ರಲ್ಲಿ ಮದ್ಯ ಮತ್ತು ಆಯುಸ್ಸಿನ ಬಗ್ಗೆ ಒಂದು ಪುಸ್ತಕ ತಂದರು. ವಿಪರೀತ ಕುಡಿದವರು ಬೇಗ ಸತ್ತಿದ್ದರು. ಮಿತವಾಗಿ ಕುಡಿದವರ ಆಯುಸ್ಸು ಮಾತ್ರ ಕುಡಿಯದವರಿಗಿಂತ ಕಡಿಮೆಯಿರಲಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಹೃದ್ರೋಗ ತಜ್ಞ ಆರ್ಥರ್ ಕ್ಲಾಟ್ಸ್ಕಿ ಮತ್ತು ಸಂಗಡಿಗರು, ಹೃದಯಾಘಾತವಾದವರಲ್ಲಿ ಮದ್ಯ ಮುಟ್ಟದವರೇ ಹೆಚ್ಚಾಗಿ ಕಾಣುತ್ತಾರೆ ಎಂದು ಬರೆದರು.

ಈ ನಂಬಿಕೆಯನ್ನು ಮನೆಮನೆಗೆ ಮುಟ್ಟಿಸಿದ್ದು ಟಿವಿ. 1991ರ ನವೆಂಬರಿನಲ್ಲಿ ಅಮೆರಿಕದ '60 ಮಿನಿಟ್ಸ್' ಕಾರ್ಯಕ್ರಮ ಒಂದು ಪ್ರಶ್ನೆ ಎತ್ತಿತು: ಬೆಣ್ಣೆ, ಚೀಸ್ ಅಷ್ಟೊಂದು ತಿನ್ನುವ ಫ್ರೆಂಚರಿಗೆ ಹೃದ್ರೋಗ ಏಕೆ ಕಡಿಮೆ? ಫ್ರಾನ್ಸಿನ ವಿಜ್ಞಾನಿ ಸೆರ್ಜ್ ರೆನೋ ಕೆಂಪು ವೈನಿನತ್ತ ಬೊಟ್ಟು ಮಾಡಿದರು. ಅಮೆರಿಕದಲ್ಲಿ ಕೆಂಪು ವೈನಿನ ಮಾರಾಟ ಒಮ್ಮೆಲೇ ಏರಿತು.

ಆದರೆ ಆ ಕಾರ್ಯಕ್ರಮಕ್ಕೂ ಮೂರು ವರ್ಷ ಮೊದಲೇ ಒಬ್ಬರು ಎಚ್ಚರಿಸಿದ್ದರು. ಬ್ರಿಟನ್ನಿನ 24 ಊರುಗಳ 7,735 ಗಂಡಸರನ್ನು ಗಮನಿಸುತ್ತಿದ್ದ ಜೆರಾಲ್ಡ್ ಶೇಪರ್, 'ಕುಡಿಯದವರು' ಅಂದರೆ ಯಾರು ಎಂದು ಕೇಳಿದರು. ಹುಡುಕಿದರೆ, ಆ ಗುಂಪಿನಲ್ಲಿ ಮೊದಲು ಕುಡಿಯುತ್ತಿದ್ದು, ರಕ್ತದೊತ್ತಡವೋ ಎದೆನೋವೋ ಬಂದ ಮೇಲೆ ಬಿಟ್ಟವರು ಬಹಳ ಮಂದಿಯಿದ್ದರು. ಕಾಯಿಲೆ ಬಂದದ್ದಕ್ಕೆ ಕುಡಿತ ಬಿಟ್ಟರೇ ಹೊರತು, ಬಿಟ್ಟದ್ದಕ್ಕೆ ಕಾಯಿಲೆ ಬರಲಿಲ್ಲ. ಇಡೀ ಕಥೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಈ ಒಂದು ಪ್ರಶ್ನೆ. ಇನ್ನೂ ಒಂದು ವಿಷಯವುಂಟು: ಊಟದ ಜೊತೆ ಒಂದು ಗ್ಲಾಸು ವೈನ್ ಕುಡಿದು ಏಳುವವರು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಗಿ ಅನುಕೂಲಸ್ಥರು; ಒಳ್ಳೆಯ ಊಟ, ವ್ಯಾಯಾಮ, ಸಮಯಕ್ಕೆ ಚಿಕಿತ್ಸೆ ಎಲ್ಲ ಅವರಿಗಿರುತ್ತದೆ. ಅದರ ಶ್ರೇಯಸ್ಸೂ ವೈನಿಗೇ ಹೋಯಿತು.

ಈ ಗೋಜಲು ಬಿಡಿಸಲು ವಂಶವಾಹಿಗಳು ಒದಗಿದವು. ಪೂರ್ವ ಏಷ್ಯಾದ ಅನೇಕರಿಗೆ ಕುಡಿದ ಕೂಡಲೇ ಮುಖ ಕೆಂಪೇರಿ ಸಂಕಟವಾಗುತ್ತದೆ. ಅದು ಹುಟ್ಟಿನಿಂದ ಬಂದ ಗುಣ, ಹಾಗಾಗಿ ಅವರು ಕಡಿಮೆ ಕುಡಿಯುತ್ತಾರೆ. ಕಾಯಿಲೆಯಾಗಲಿ ಬಡತನವಾಗಲಿ ಆ ಗುಣವನ್ನು ಬದಲಿಸಲಾರವು. ಚೀನಾದ 5 ಲಕ್ಷ ಜನರ ಅಧ್ಯಯನ 2019ರಲ್ಲಿ ಇದೇ ಜಾಡಿನಲ್ಲಿ ನೋಡಿದಾಗ, ಮಿತವಾದ ಕುಡಿತ ಪಾರ್ಶ್ವವಾಯುವಿನಿಂದ ಕಾಪಾಡುತ್ತದೆ ಎಂಬುದು ನಿಲ್ಲಲಿಲ್ಲ. ಕುಡಿತ ಹೆಚ್ಚಿದಂತೆ ರಕ್ತದೊತ್ತಡವೂ ಪಾರ್ಶ್ವವಾಯುವೂ ಹೆಚ್ಚಿದವು. ನಮ್ಮ ದೇಶದಲ್ಲೇ ಕಾರ್ಖಾನೆಗಳ ನೌಕರರನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಕುಡಿಯುವ ಗಂಡಸರಿಗೆ ಹೃದಯದ ರಕ್ಷಣೆ ಕಾಣಲಿಲ್ಲ. 2022ರಲ್ಲಿ ವಿಶ್ವ ಹೃದಯ ಒಕ್ಕೂಟ, ಮದ್ಯದ ಯಾವ ಪ್ರಮಾಣವೂ ಹೃದಯಕ್ಕೆ ಒಳ್ಳೆಯದಲ್ಲ ಎಂದಿತು.

ಕುಡಿದರೆ 'ಒಳ್ಳೆಯ ಕೊಲೆಸ್ಟರಾಲ್' ಏರುತ್ತದಲ್ಲ ಎನ್ನಬಹುದು. ಏರುವುದು ನಿಜ. ಆದರೆ ಅದನ್ನು ಏರಿಸುವ ಮಾತ್ರೆಗಳನ್ನು ಪರೀಕ್ಷಿಸಿದಾಗ, ಅದು ಏರಿದಷ್ಟಕ್ಕೇ ಹೃದಯಾಘಾತ ಕಡಿಮೆಯಾಗಲಿಲ್ಲ. ಅತ್ತ ಕುಡಿತದಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಏರಬಹುದು. ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲೊರಿ. ಯಕೃತ್ತು ಅದನ್ನು ಮೊದಲು ಕರಗಿಸಲು ಹೊರಟು ಕೊಬ್ಬನ್ನು ಹಿಂದಕ್ಕಿಡುತ್ತದೆ.

ಯಕೃತ್ತು ಹೀಗೆ ಮದ್ಯದ ಹಿಂದೆ ಬೀಳುವುದರಿಂದ ಇನ್ನೊಂದು ಅಪಾಯವೂ ಉಂಟು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರ ಮನೆಯವರು ಇದನ್ನು ದಯವಿಟ್ಟು ನೆನಪಿಡಿ. ಮದ್ಯ ಒಳಗಿದ್ದಾಗ ಯಕೃತ್ತು ರಕ್ತಕ್ಕೆ ಹೊಸದಾಗಿ ಸಕ್ಕರೆ ತಯಾರಿಸಿ ಕೊಡಲಾರದು. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಇಳಿದು ಮೈ ಬೆವರುತ್ತದೆ, ಮಾತು ತೊದಲುತ್ತದೆ. ನೋಡಿದವರು ಅಮಲೆಂದು ತಿಳಿದು ಮಲಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕುಡಿಸಿ; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.