ಕಾರ್ಯನಿರ್ವಹಣಶಾಸ್ತ್ರದ ಒಂದು ಕಥೆಯ ಪ್ರಾಮಾಣ್ಯವಿಚಾರ



ಬಹುಜನರನ್ನು ಒಂದು ಕಾರ್ಯದಲ್ಲಿ ನಿಯೋಜಿಸಿ ನಡೆಯಿಸುವ ಕ್ರಮವನ್ನು ಕುರಿತು ಪಾಶ್ಚಾತ್ಯರಲ್ಲಿ ಪ್ರತ್ಯೇಕವಾದ ಶಾಸ್ತ್ರವೊಂದು ಬೆಳೆದಿರುವುದು. ಅದರ ಆದ್ಯರಲ್ಲಿ ಅಮೇರಿಕದ ಫ್ರೆಡರಿಕ್ ಟೇಲರನು ಒಬ್ಬನು. 1911ರಲ್ಲಿ ಪ್ರಕಟವಾದ ಅವನ ಮುಖ್ಯಗ್ರಂಥದಲ್ಲಿ ಒಂದು ಕಥೆಯುಂಟು. ಆ ಕಥೆ ನಿಜವೇ, ನಿಜವಲ್ಲದಿದ್ದರೆ ಶಾಸ್ತ್ರಕ್ಕೆ ಹಾನಿಯೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಐಕಮತ್ಯವಿಲ್ಲ.

ಕಥೆ ಇಂತಿರುವುದು. 1899ರಲ್ಲಿ ಬೆತ್ಲೆಹೆಮ್ ಊರಿನ ಕಾರ್ಖಾನೆಯಲ್ಲಿ ಕೂಲಿಗಳು 92 ಪೌಂಡು ತೂಕದ ಬೀಡುಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲುಬಂಡಿಗೆ ಹೇರುತ್ತಿದ್ದರು. ಒಬ್ಬೊಬ್ಬನು ದಿನಕ್ಕೆ ಸುಮಾರು ಹನ್ನೆರಡೂವರೆ ಟನ್ನು ಹೇರುವನು. ಟೇಲರನು ಷ್ಮಿಟ್ ಎಂಬೊಬ್ಬನನ್ನು ಆರಿಸಿ, ಗಡಿಯಾರ ಹಿಡಿದವನೊಬ್ಬನು ಎತ್ತೆಂದಾಗ ಎತ್ತುವಂತೆಯೂ, ಕುಳಿತುಕೊಳ್ಳೆಂದಾಗ ಕುಳಿತುಕೊಳ್ಳುವಂತೆಯೂ ಮಾಡಿದನು. ಸಂಜೆಯ ವೇಳೆಗೆ ನಲವತ್ತೇಳೂವರೆ ಟನ್ನು ಮುಗಿದಿದ್ದಿತು. ಕೂಲಿಯು 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕೆಲಸವು ನಾಲ್ಕು ಮಡಿಯ ಸಮೀಪಕ್ಕೆ ಬಂದರೂ ಕೂಲಿಯು ಎರಡು ಮಡಿಯನ್ನೂ ಮುಟ್ಟಲಿಲ್ಲವೆಂಬುದು ಲೆಕ್ಕ ಬಲ್ಲವರಿಗೆ ಹೇಳದೆಯೇ ತಿಳಿಯುವುದು.

1974ರಲ್ಲಿ ಚಾರ್ಲ್ಸ್ ರೆಗೆ, ಅಮಿಡಿಯೋ ಪೆರೋನಿ ಎಂಬಿಬ್ಬರು ಹಳೆಯ ದಾಖಲೆಗಳನ್ನು ಶೋಧಿಸಿ ಈ ಕಥೆಯನ್ನು ಖಂಡಿಸಿದರು. ಷ್ಮಿಟ್ಟನ ನಿಜವಾದ ಹೆಸರು ಹೆನ್ರಿ ನೋಲ್. ದಿನದ ಪ್ರಮಾಣವು ಸೂಕ್ಷ್ಮವಾದ ಪರೀಕ್ಷೆಯಿಂದ ಹುಟ್ಟಿದುದಲ್ಲ. ಬಲಿಷ್ಠರಾದ ಕೆಲವರು ಸ್ವಲ್ಪಕಾಲ ವೇಗವಾಗಿ ಹೇರಿದುದನ್ನು ಇಡೀ ದಿನಕ್ಕೆ ಹಿಗ್ಗಿಸಿ 75 ಟನ್ನೆಂದು ಎಣಿಸಿ, ಅದರಲ್ಲಿ ನೂರಕ್ಕೆ ನಲವತ್ತನ್ನು ಕಳೆದು 45 ಎಂದು ಗೊತ್ತುಮಾಡಿದ್ದರು. ಈ ದರಕ್ಕೆ ಒಪ್ಪದ ಕೂಲಿಗಳು ಕೆಲಸವನ್ನೇ ಕಳೆದುಕೊಂಡರು. ಗ್ರಂಥದ ಬಹುಭಾಗದ ಕರಡನ್ನು ಮಾರಿಸ್ ಕುಕ್ ಎಂಬ ಶಿಷ್ಯನು ಸಿದ್ಧಪಡಿಸಿದನೆಂಬುದನ್ನು ಸಹ ರೆಗೆಯು 1978ರಲ್ಲಿ ಮತ್ತೊಬ್ಬರೊಡನೆ ತೋರಿಸಿದನು. ಓಲೆಗರಿಗಳ ಪಾಠಶೋಧನೆಯಲ್ಲಿ ಪಳಗಿದವರಿಗೆ ಇದೇನೂ ಅಪೂರ್ವವಲ್ಲ.

ಇದಕ್ಕೆ ಪ್ರತಿಪಕ್ಷವೂ ಉಂಟು. ಎಡ್ವಿನ್ ಲಾಕ್ ಎಂಬವನು 1982ರಲ್ಲಿ ಟೇಲರನ ತತ್ತ್ವಗಳು ಬಹುಮಟ್ಟಿಗೆ ಸರಿಯೆಂದು ವಾದಿಸಿದನು. 2001ರಲ್ಲಿ ಹಫ್ ಮತ್ತು ವೈಟ್ ಎಂಬವರು, ಈ ಕಥೆಯನ್ನು ಶ್ರೋತೃಗಳಿಗೆ ತತ್ತ್ವವನ್ನು ಮನಗಾಣಿಸುವ ದೃಷ್ಟಾಂತವೆಂದು ತಿಳಿಯಬೇಕೆಂದರು. ನಮ್ಮ ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇದನ್ನು ಅರ್ಥವಾದವೆಂದು ಗ್ರಹಿಸಿದಂತಾಯಿತು. ವಿಧಿಯನ್ನು ಹೊಗಳುವ ಕಥೆಗೆ ಅಕ್ಷರಶಃ ಸತ್ಯವಾಗಬೇಕೆಂಬ ಹೊಣೆಯಿಲ್ಲ. ಈ ಸಮಾಧಾನವು ಜಾಣತನದ್ದೇ ಸರಿ, ಆದರೆ ಇಲ್ಲಿ ಸಲ್ಲದು. ಅರ್ಥವಾದಕ್ಕೆ ಆ ಸ್ವಾತಂತ್ರ್ಯವು ದೊರೆಯುವುದು ವಿಧಿಯು ಬೇರೆ ಪ್ರಮಾಣದಿಂದ ಸಿದ್ಧವಾಗಿರುವಾಗ ಮಾತ್ರ. ಟೇಲರನಾದರೋ ಈ ಕಥೆಯನ್ನು ತನ್ನ ವಿಜ್ಞಾನದ ಪ್ರತ್ಯಕ್ಷ ಪ್ರಮಾಣವೆಂದೇ ಮುಂದಿಟ್ಟನು. 1912ರಲ್ಲಿ ಅಮೇರಿಕದ ಶಾಸನಸಭೆಯ ಸಮಿತಿಯೆದುರಿಗೆ ಹೇಳಿಕೆ ಕೊಟ್ಟಾಗಲೂ ಬಿಡಲಿಲ್ಲ. ಪ್ರಮಾಣವೆಂದು ತಂದುದನ್ನು ಖಂಡನೆ ಬಂದೊಡನೆ ದೃಷ್ಟಾಂತವೆಂದು ಮಾರ್ಪಡಿಸುವುದು ನ್ಯಾಯವಲ್ಲ.

ಟನ್ನುಗಳ ಲೆಕ್ಕದಲ್ಲಿ ವಾದಿಗಳು ಹೆಚ್ಚಾಗಿ ಮಗ್ನರಾಗಿರುವುದರಿಂದ ಇನ್ನೊಂದು ವಿರೋಧವು ಹಿಂದೆ ಬಿದ್ದಿರುವುದು. ಈ ಕೆಲಸಕ್ಕೆ ಯೋಗ್ಯನಾದವನು ಬುದ್ಧಿಯಲ್ಲಿ ಎತ್ತಿಗೆ ಸಮೀಪನೆಂದು ಟೇಲರನು ಬರೆದನು. ಷ್ಮಿಟ್ಟನ ಬಾಯಲ್ಲಿ ತೊದಲು ಇಂಗ್ಲಿಷನ್ನು ಇರಿಸಿದನು. ಆದರೆ ಅದೇ ಗ್ರಂಥದಲ್ಲಿಯೇ, ಅವನು ಆ 1.15 ಡಾಲರಿನ ಕೂಲಿಯಲ್ಲಿ ಉಳಿಸಿ ಸಣ್ಣದೊಂದು ನಿವೇಶನವನ್ನು ಕೊಂಡಿದ್ದನೆಂದೂ, ಬೆಳಗ್ಗೆ ಕೆಲಸಕ್ಕೆ ಹೋಗುವುದಕ್ಕೆ ಮುಂಚೆಯೂ ಸಂಜೆ ಹಿಂದಿರುಗಿದ ಮೇಲೆಯೂ ಅಲ್ಲಿ ತನ್ನ ಮನೆಯ ಗೋಡೆಗಳನ್ನು ಕಟ್ಟುತ್ತಿದ್ದನೆಂದೂ ಇರುವುದು. ಆ ಗೋಡೆಗಳ ಬಳಿಯಲ್ಲಿ ಗಡಿಯಾರ ಹಿಡಿದು ನಿಂತವರು ಯಾರೂ ಇರಲಿಲ್ಲ.