ದೇಹದ ನೆನಪು



ರೋಗಾಣುವು ಮೈಯನ್ನು ಹೊಕ್ಕೊಡನೆ ರಕ್ತದ ಬಿಳಿಯ ಕಣಗಳು ಅದನ್ನು ಎದುರಿಸುವುವು. ಕೆಲವು ಅದನ್ನು ನುಂಗುವುವು. ಕೆಲವು ಅದಕ್ಕೇ ತಕ್ಕ ಪ್ರತಿಕಾಯಗಳನ್ನು ನಿರ್ಮಿಸುವುವು. ಈ ಸಿದ್ಧತೆಗೆ ಹಲವು ದಿನಗಳು ಬೇಕು. ಅಷ್ಟರೊಳಗೆ ಎಷ್ಟೋ ಜೀವಗಳು ಹೋಗಿಬಿಡುವುವು. ಆದರೆ ಗೆದ್ದ ದೇಹವು ಹಗೆಯ ಗುರುತನ್ನು ಮರೆಯದು.

೧೮೪೬ರಲ್ಲಿ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಲ್ಲಿ ದಡಾರವು ಹರಡಿ, ಸುಮಾರು ೭,೮೦೦ ಜನರಲ್ಲಿ ೬,೦೦೦ ಮಂದಿ ಹಾಸಿಗೆ ಹಿಡಿದರು. ೧೭೮೧ರಲ್ಲಿಯೇ ಆ ಬೇನೆಯನ್ನುಂಡಿದ್ದ ವೃದ್ಧರಿಗೆ ಮಾತ್ರ ಅದು ಮರಳಿ ತಗುಲಲಿಲ್ಲವೆಂಬುದನ್ನು ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್ ಕಂಡನು. ೬೫ ವರ್ಷಗಳ ನೆನಪು!

ಬೇನೆಯ ಬೆಲೆಯನ್ನು ತೆರಿಸದೆ ಈ ನೆನಪನ್ನು ಮಗುವಿಗೆ ಕೊಡುವುದೇ ಲಸಿಕೆ. ತಾಯಿತಂದೆಗಳೇ, ಪರೀಕ್ಷೆಗೆ ಮುನ್ನವೇ ಪಾಠವಾಗಲಿ. ಇದು ಉಪಾಧ್ಯಾಯನೊಬ್ಬನ ಬಿನ್ನಹ.