ಇಲಿನಾಯ್ ಪೆನ್ಷನ್ ಸಾಲ: ಬಿಲ್ ಯಾರ ಹೆಸರಿಗೆ?

ವಿಷಯ ಕೇಳಿದ ಕೂಡಲೇ ರೇಡಿಯೋ ಆಫ್ ಮಾಡಬೇಡಿ. ಇವತ್ತು ಪೆನ್ಷನ್ ಬಗ್ಗೆ ಮಾತಾಡ್ತೀನಿ. ಇಪ್ಪತ್ತು ವರ್ಷದವರಿಗೆ ಪೆನ್ಷನ್ ಕಥೆ ಯಾಕೆ ಅಂತೀರಾ? ನೀವು ಚಿಕಾಗೋ ಸುತ್ತಮುತ್ತ ಬೆಳೆದವರಾದರೆ ಈ ಸಾಲದಲ್ಲಿ ನಿಮ್ಮ ಪಾಲೂ ಇದೆ, ಅದಕ್ಕೆ.

ಇಲಿನಾಯ್ ರಾಜ್ಯಕ್ಕೆ ಐದು ಪೆನ್ಷನ್ ನಿಧಿಗಳಿವೆ. ಶಿಕ್ಷಕರು, ರಾಜ್ಯ ನೌಕರರು, ವಿಶ್ವವಿದ್ಯಾಲಯದವರು, ನ್ಯಾಯಾಧೀಶರು, ಶಾಸಕರು, ಹೀಗೆ. ಕೊಡುತ್ತೇವೆ ಎಂದ ಹಣಕ್ಕೂ ಕೈಯಲ್ಲಿರುವ ಹಣಕ್ಕೂ ಇರುವ ಅಂತರ 140 ಬಿಲಿಯನ್ ಡಾಲರಿಗೂ ಹೆಚ್ಚು. ನಮ್ಮ ಲೆಕ್ಕದಲ್ಲಿ 14,000 ಕೋಟಿ ಡಾಲರ್. ತೊಟ್ಟಿಲಲ್ಲಿರುವ ಕೂಸನ್ನೂ ಸೇರಿಸಿ ಹಂಚಿದರೆ ತಲೆಗೆ ಸುಮಾರು 11,000. ರಾಜ್ಯದ ಸಾಮಾನ್ಯ ಬಜೆಟ್ಟಿನ ಐದು ಡಾಲರಿನಲ್ಲಿ ಹೆಚ್ಚುಕಡಿಮೆ ಒಂದು ಡಾಲರ್ ಇದಕ್ಕೇ ಹೋಗುತ್ತದೆ.

ಈ ವಿಷಯದಲ್ಲಿ ನಾನು ಕನ್ಸರ್ವೇಟಿವ್, ಮುಚ್ಚುಮರೆ ಇಲ್ಲ. ಆದರೆ ನಿಮ್ಮ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮ್ಮ ಸಂಬಳದಿಂದ 9 ಪರ್ಸೆಂಟ್ ತಪ್ಪದೆ ಕಟ್ಟುತ್ತಾರೆ. ಇಲ್ಲಿನ ಬಹುಪಾಲು ಶಿಕ್ಷಕರಿಗೆ ಆ ಕೆಲಸದ ಮೇಲೆ ಸೋಶಿಯಲ್ ಸೆಕ್ಯುರಿಟಿಯೂ ಇಲ್ಲ. ಕಂತು ತಪ್ಪಿಸಿದ್ದು ಸರ್ಕಾರ. ಅದರಲ್ಲಿ ನಮ್ಮ ಪಕ್ಷದವರೂ ಸೇರಿದ್ದಾರೆ. 1989ರಲ್ಲಿ ಪೆನ್ಷನ್ ಪ್ರತಿ ವರ್ಷ ಚಕ್ರಬಡ್ಡಿಯಂತೆ 3 ಪರ್ಸೆಂಟ್ ಏರಬೇಕು ಎಂಬ ಕಾನೂನಿಗೆ ಸಹಿ ಹಾಕಿದ ಗವರ್ನರ್ ರಿಪಬ್ಲಿಕನ್. ಲೆಕ್ಕ ಹಾಕಿ: ಇವತ್ತು 60,000 ಡಾಲರ್ ಪೆನ್ಷನ್ ಇದ್ದರೆ 24 ವರ್ಷಕ್ಕೆ ಅದು 1,20,000 ದಾಟುತ್ತದೆ. 1994ರಲ್ಲಿ ಜಿಮ್ ಎಡ್ಗರ್ ತಂದ ಯೋಜನೆಯೂ ಅಷ್ಟೇ. ಮೊದಲ ವರ್ಷಗಳಲ್ಲಿ ಕಡಿಮೆ ಕಟ್ಟು, ಆಮೇಲೆ ಜಾಸ್ತಿ ಕಟ್ಟು, 2045ಕ್ಕೆ 90 ಪರ್ಸೆಂಟ್ ತಲುಪು. ಆ "ಆಮೇಲೆ" ಅಂದರೆ ನೀವೇ. 2045ರಲ್ಲಿ ನಿಮಗೆ ಎಷ್ಟು ವಯಸ್ಸಾಗಿರುತ್ತೆ ನೋಡಿಕೊಳ್ಳಿ.

ನನ್ನ ತಕರಾರು ಚೌಕಾಶಿಯ ಮೇಜಿನದು. ಕಾರ್ಖಾನೆಯಲ್ಲಿ ಯೂನಿಯನ್ ಎದುರು ಕೂರುವ ಮಾಲೀಕ ಕೊಡುವುದು ತನ್ನ ದುಡ್ಡು. ಹೆಚ್ಚು ಕೊಟ್ಟರೆ ಕಂಪನಿ ಮುಳುಗುತ್ತದೆ ಎಂಬ ಭಯ ಎರಡೂ ಕಡೆಗಿರುತ್ತದೆ. ಸರ್ಕಾರದಲ್ಲಿ ಎದುರು ಕೂರುವವನು ಅದೇ ಯೂನಿಯನ್ನಿನ ಓಟು, ದೇಣಿಗೆಗಳಿಂದ ಗೆದ್ದು ಬಂದಿರಬಹುದು. ದುಡ್ಡು ಕೊಡುವವನು ಆ ಕೋಣೆಯಲ್ಲೇ ಇಲ್ಲ. ಖಾಸಗಿ ಕಂಪನಿಯ ಸಾಮೂಹಿಕ ಚೌಕಾಶಿಯನ್ನು ಹಾಗೆಯೇ ಸರ್ಕಾರಿ ನೌಕರಿಗೆ ತರಲಾಗದು ಎಂದು 1937ರಲ್ಲಿ ಪತ್ರ ಬರೆದವರು ಕಾರ್ಮಿಕರ ಮಿತ್ರ ಎನಿಸಿಕೊಂಡ ರೂಸ್‌ವೆಲ್ಟ್!

ಒಂದು ಉದಾಹರಣೆ. ಚಿಕಾಗೋ ನಗರದ ಹೊರಗೆ ಶಿಕ್ಷಕರ ಸಂಬಳ ತೀರ್ಮಾನ ಮಾಡುವುದು ಊರಿನ ಸ್ಕೂಲ್ ಬೋರ್ಡ್, ಪೆನ್ಷನ್ನಿನ ಮುಖ್ಯ ಪಾಲು ಕಟ್ಟುವುದು ರಾಜ್ಯ. ಪೆನ್ಷನ್ ಲೆಕ್ಕ ಕೊನೆಯ ವರ್ಷಗಳ ಸಂಬಳದ ಮೇಲೆ. ಹಾಗಾಗಿ ನಿವೃತ್ತಿಗೆ ಮುಂಚೆ ಸಂಬಳ ಜೋರಾಗಿ ಏರಿಸುವ ಪದ್ಧತಿ ಬಂತು. ಒಪ್ಪಂದ ಒಬ್ಬರದು, ಬಿಲ್ ಇನ್ನೊಬ್ಬರಿಗೆ. 6 ಪರ್ಸೆಂಟ್‌ಗಿಂತ ಹೆಚ್ಚು ಏರಿಸಿದರೆ ಹೊರೆ ನೀವೇ ಹೊರಿ ಎಂದು 2005ರಲ್ಲಿ ಕಾನೂನು ಬಂದ ಮೇಲೆ ಸ್ವಲ್ಪ ಕಡಿವಾಣ ಬಿತ್ತು.

ಸರಿಪಡಿಸುವುದು ಸುಲಭವಲ್ಲ. 1970ರ ರಾಜ್ಯ ಸಂವಿಧಾನದ ಪ್ರಕಾರ ಪೆನ್ಷನ್ ಸೌಲಭ್ಯವನ್ನು ಕಡಿಮೆ ಮಾಡುವಂತಿಲ್ಲ. 2013ರಲ್ಲಿ ಡೆಮಾಕ್ರಟಿಕ್ ಶಾಸಕಾಂಗವೇ ವಾರ್ಷಿಕ ಏರಿಕೆ ಕಡಿಮೆ ಮಾಡಲು ಕಾನೂನು ತಂತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ರದ್ದು ಮಾಡಿತು. ಅದೇ ವರ್ಷದಿಂದ ಎರಡು ವರ್ಷ ಬಜೆಟ್ಟೇ ಇರಲಿಲ್ಲ. ಕಾಲೇಜು ಮಕ್ಕಳಿಗೆ ರಾಜ್ಯ ಕೊಡುವ ಮ್ಯಾಪ್ ಗ್ರಾಂಟ್ ಕೂಡ ಸಿಕ್ಕಿಹಾಕಿಕೊಂಡಿತು. ನಿಮ್ಮ ಅಕ್ಕಂದಿರನ್ನು, ಅಣ್ಣಂದಿರನ್ನು ಕೇಳಿ, ನೆನಪಿರುತ್ತೆ.

ಪಕ್ಕದ ವಿಸ್ಕಾನ್ಸಿನ್ 2011ರಲ್ಲಿ ಬೇರೆ ದಾರಿ ಹಿಡಿಯಿತು. ಗವರ್ನರ್ ಸ್ಕಾಟ್ ವಾಕರ್ ತಂದ ಆಕ್ಟ್ 10 ಹೆಚ್ಚಿನ ಸರ್ಕಾರಿ ಯೂನಿಯನ್‌ಗಳ ಚೌಕಾಶಿಯನ್ನು ಮೂಲ ಸಂಬಳಕ್ಕೆ ಮಿತಿಗೊಳಿಸಿ, ಪೆನ್ಷನ್ ವಂತಿಗೆಯ ಅರ್ಧವನ್ನು ನೌಕರರೇ ಕಟ್ಟುವಂತೆ ಮಾಡಿತು. ಮತದಾನ ತಪ್ಪಿಸಲು 14 ಡೆಮಾಕ್ರಟಿಕ್ ಸೆನೆಟರ್‌ಗಳು ಓಡಿ ಬಂದು ಸೇರಿದ್ದು, ಎಲ್ಲಿಗೆ ಅಂತೀರಿ, ನಮ್ಮ ಇಲಿನಾಯ್‌ಗೆ! ಕಾನೂನಿನ ದಿಕ್ಕು ಸರಿ ಎಂದೇ ನನ್ನ ಅಭಿಪ್ರಾಯ. ಪೊಲೀಸರಿಗೂ ಅಗ್ನಿಶಾಮಕದವರಿಗೂ ವಿನಾಯಿತಿ ಕೊಟ್ಟದ್ದು ಮಾತ್ರ ಸರಿಯಲ್ಲ, ಅದು ಬರೀ ರಾಜಕೀಯ.

ಕರ್ನಾಟಕದಲ್ಲೂ ಇದೇ ಜಗಳ ಇದೆ. ಸರ್ಕಾರಿ ಕೆಲಸದಲ್ಲಿದ್ದ ನಿಮ್ಮ ತಾತನಿಗೆ ಬರುವ ಪೆನ್ಷನ್ 2006ರ ಏಪ್ರಿಲ್ ನಂತರ ಸೇರಿದವರಿಗಿಲ್ಲ. ಅವರದು ಎನ್‌ಪಿಎಸ್. ಹಳೆಯದನ್ನೇ ಕೊಡಿ ಎಂದು ನೌಕರರು ಬೀದಿಗಿಳಿದಿದ್ದಾರೆ.

ಇಲಿನಾಯ್‌ನಲ್ಲಿ 2011ರ ಜನವರಿಯಿಂದ ಸೇರಿದವರು ಟಿಯರ್ 2. ಹಳಬರಷ್ಟೇ 9 ಪರ್ಸೆಂಟ್ ಕಟ್ಟುವ ಹೊಸ ಶಿಕ್ಷಕಿಗೆ ಪೂರ್ತಿ ಪೆನ್ಷನ್ 67ಕ್ಕೆ. ವಾರ್ಷಿಕ ಏರಿಕೆ ಬೆಲೆ ಏರಿಕೆಯ ಅರ್ಧ ಅಥವಾ 3 ಪರ್ಸೆಂಟ್, ಯಾವುದು ಕಡಿಮೆಯೋ ಅದು, ಚಕ್ರಬಡ್ಡಿಯೂ ಇಲ್ಲ. ಕೋರ್ಟ್ ಹಳಬರನ್ನು ಕಾಪಾಡಿತು, ಕತ್ತರಿ ಬಿದ್ದದ್ದು ಇನ್ನೂ ಕೆಲಸಕ್ಕೇ ಸೇರದವರಿಗೆ. ನಮ್ಮ ಕನ್ನಡ ಕುಟುಂಬಗಳಿಂದಲೂ ಹುಡುಗಿಯರು ಟೀಚಿಂಗ್‌ಗೆ ಹೋಗುತ್ತಿದ್ದಾರೆ. ಕೇಳುತ್ತಿರುವವರಲ್ಲಿ ಯಾರಾದರೂ ಆ ಯೋಚನೆಯಲ್ಲಿದ್ದರೆ, ಆಫರ್ ಲೆಟರಿಗೆ ಸಹಿ ಹಾಕುವ ಮುಂಚೆ ಟಿಯರ್ 2 ಪುಟವನ್ನು ಅಪ್ಪ ಅಮ್ಮನ ಜೊತೆ ಕೂತು ಓದಿ.